ಅರ್ಧ ಕತ್ತರಿಸಿದ ಹಿಂಡಿನ ಮೇಲೆ ಬಿದ್ದ ಆಲಿಕಲ್ಲು

ಮಳೆ ಅಳೆಯುವ ಪಾತ್ರೆಯನ್ನು ಮೊದಲ ಸಲ ನೋಡಿದವರೆಲ್ಲ ನಗುತ್ತಾರೆ. ನಾನೂ ನಕ್ಕಿದ್ದೆ. ಒಂದು ದುಂಡನೆಯ ಲಾಳಿಕೆ, ಅದರ ಕೆಳಗೊಂದು ಡಬ್ಬಿ, ಜೊತೆಗೆ ಗೆರೆ ಎಳೆದ ಗಾಜಿನ ಲೋಟ. ಇಷ್ಟು ಸಾಮಾನು ಇಟ್ಟುಕೊಂಡು ಆಕಾಶದ ಲೆಕ್ಕ ತೆಗೆಯುತ್ತೇವೆ ಅಂದರೆ ಯಾರಿಗಾದರೂ ನಗು ಬರಬೇಕಾದ್ದೇ. ಆ ಡಬ್ಬಿಯ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಬೆಳಗ್ಗೆ ಸರಿಯಾಗಿ ಎಂಟೂವರೆಗೆ, ಕುಕ್ಕರಗಾಲಿನಲ್ಲಿ ಕೂತು ಕೂತು ನನ್ನ ಮಂಡಿ ಹಾಳಾಯಿತು. ನಗು ಮಾತ್ರ ಮೊದಲ ವರ್ಷವೇ ನಿಂತಿತ್ತು.

ನಾನು ಕೊರಟಗೆರೆಯವಳು. ಕೆಲಸ ಸಿಕ್ಕಿದ್ದು ಮಧುಗಿರಿ ಕಡೆಯ ಒಂದು ಕೃಷಿ ಕ್ಷೇತ್ರದಲ್ಲಿ, ಹವಾಮಾನ ವೀಕ್ಷಕಿಯಾಗಿ. ಯಾವಾಗ ಬಡ್ತಿ ಬಂತು, ಯಾವಾಗ ತಪ್ಪಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನಗೇ ಬೇಸರದ ವಿಷಯ, ಓದುವವರಿಗೆ ಇನ್ನೂ ಬೇಸರ. ಈ ಕೆಲಸಕ್ಕೆ ಈಗ ಬರುತ್ತಿರುವ ಮಕ್ಕಳು ಬುದ್ಧಿವಂತರು, ಉಪಗ್ರಹದ ಚಿತ್ರ ಓದುತ್ತಾರೆ. ಆದರೆ ಕೆಲವು ಸಂಗತಿಗಳು ಆ ಚಿತ್ರದಲ್ಲಿ ಬರುವುದಿಲ್ಲ. ಅಂಥವನ್ನು ಬರೆದಿಡೋಣ ಅನ್ನಿಸಿತು.

ಸೇರಿದ ಹೊಸದರಲ್ಲಿ ತರಬೇತಿಗೆ ಉತ್ತರದ ಊರೊಂದಕ್ಕೆ ಕಳಿಸಿದರು. ಅಲ್ಲಿ ಆಕಾಶದ ಪ್ರತಿಯೊಂದು ಸ್ಥಿತಿಗೂ ಒಂದು ಗುರುತು ಕಲಿಸಿದರು. ಮಳೆಗೆ ಚುಕ್ಕಿ, ಆಲಿಕಲ್ಲಿಗೆ ತ್ರಿಕೋನ, ಹಿಮಕ್ಕೆ ನಕ್ಷತ್ರ. ಮಳೆಯಾಗಿ ಶುರುವಾದದ್ದು ನೋಡನೋಡುತ್ತ ಹಿಮವಾಗಿ ತಿರುಗಿದರೆ ಹೇಗೆ ಬರೆಯಬೇಕು ಅನ್ನುವುದಕ್ಕೇ ಮೇಷ್ಟ್ರು ಒಂದಿಡೀ ಗಂಟೆ ತೆಗೆದುಕೊಂಡರು. ವಸಂತದಲ್ಲಿ ಅವರ ಬೆಟ್ಟಗಳಲ್ಲಿ ಹಾಗೇ ಆಗುತ್ತಿತ್ತಂತೆ. ಹನಿಯ ಸದ್ದು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ, ಹೊರಗೆ ಬಂದು ನೋಡಿದರೆ ಎಲ್ಲ ಬಿಳಿ. ನಮ್ಮ ಕಡೆಯ ಬಿಸಿಲನ್ನೇ ಕಂಡ ನಾನು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತ ನಕ್ಷತ್ರ ಬರೆದುಕೊಂಡೆ. ಇದು ನನಗೆ ಈ ಜನ್ಮದಲ್ಲಿ ಬೇಕಾಗುವುದಿಲ್ಲ ಅಂತ ಪಕ್ಕದವಳಿಗೆ ಹೇಳಿದ್ದೂ ನೆನಪಿದೆ.

ಊರಿಗೆ ಬಂದ ಮೊದಲ ಬೇಸಿಗೆಯಲ್ಲೇ ಒಂದು ಸಂಜೆ ಆಲಿಕಲ್ಲು ಬಿತ್ತು. ಲಾಳಿಕೆಯ ತುಂಬ ಗೋಲಿಯಂಥ ಮಂಜುಗಡ್ಡೆ. ಮಳೆ ಅಳೆಯುವ ಡಬ್ಬಿಗೆ ಕಲ್ಲು ಬಿದ್ದರೆ ಏನು ಮಾಡುವುದು? ಕಸ ಬಿದ್ದರೆ ತೆಗೆದು ಎಸೆಯುತ್ತೇವಲ್ಲ, ಹಾಗೆ ಎಲ್ಲವನ್ನೂ ಬಾಚಿ ಎಸೆದು, ಕೆಳಗಿದ್ದ ನೀರನ್ನಷ್ಟೇ ಅಳೆದು, ಚೆಂದದ ಅಕ್ಷರದಲ್ಲಿ ಬರೆದೆ. ಮಾರನೆಯ ದಿನ ನಮ್ಮ ಹಿರಿಯ ವೀಕ್ಷಕರು ರಂಗಪ್ಪನವರು ರಿಜಿಸ್ಟರ್ ನೋಡಿದರು. ಅವರು ಜೋರಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ.

"ನಿನ್ನೆ ಅಷ್ಟು ಕಲ್ಲು ಬಿತ್ತಲ್ಲಮ್ಮ, ಅದೆಲ್ಲಿ?"

"ಎಸೆದೆ ಸರ್. ಅದು ಮಳೆ ಅಲ್ಲವಲ್ಲ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮೋಡ ಕೊಟ್ಟದ್ದರಲ್ಲಿ ಅರ್ಧ ನೀನು ಹುಲ್ಲಿಗೆ ಎಸ್ದಿದೀಯ. ಈಗ ಆ ದಿನದ ಲೆಕ್ಕ ಈ ಭೂಮಿ ಮೇಲೆ ಯಾರ ಹತ್ರಾನೂ ಇಲ್ಲ."

ಆಮೇಲೆ ಹೇಳಿಕೊಟ್ಟರು. ಬಿಸಿನೀರನ್ನು ಮೊದಲು ಗಾಜಿನ ಲೋಟದಲ್ಲಿ ಅಳೆದುಕೊಂಡು ಲಾಳಿಕೆಗೆ ಸುರಿಯಬೇಕು. ಕಲ್ಲೆಲ್ಲ ಕರಗಿ ಇಳಿದ ಮೇಲೆ ಒಟ್ಟು ನೀರು ಅಳೆದು, ನಾವು ಹಾಕಿದ್ದನ್ನು ಕಳೆಯಬೇಕು. ಉಳಿದದ್ದು ಆಕಾಶದ್ದು. ಆ ದಿನ ಮನೆಗೆ ಹೋಗಿ ಅತ್ತಿದ್ದೆ, ಬೈಸಿಕೊಂಡದ್ದಕ್ಕಲ್ಲ. ಯಾರ ಹತ್ತಿರವೂ ಇಲ್ಲ ಅಂದರಲ್ಲ, ಅದಕ್ಕೆ. ನನ್ನ ಡಬ್ಬಿಯ ಬಗ್ಗೆ ಭಯಭಕ್ತಿ ಹುಟ್ಟಿದ್ದು ಅವತ್ತು.

ವರ್ಷಗಳು ಕಳೆದಂತೆ ಕೆಲಸದ ರೀತಿ ಬದಲಾಯಿತು. ಮೊದಲು ಅಂಕಿಗಳನ್ನು ತಂತಿಯಲ್ಲಿ ಕಳಿಸುತ್ತಿದ್ದೆವು, ಆಮೇಲೆ ಫೋನಿನಲ್ಲಿ ಕೂಗಿ ಹೇಳುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಮುನ್ಸೂಚನೆ ಬರೆಯುವ ಕೆಲಸವೂ ಬಂತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ರೈತರಿಗೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಒಂದು ಪುಟದ ಹವಾಮಾನ ವರದಿ. ಮೇಲಿನ ಕಚೇರಿಯಿಂದ ಬಂದ ಅಂದಾಜನ್ನು ನಾನು ಕನ್ನಡಕ್ಕಿಳಿಸಿ ಬರೆಯುತ್ತಿದ್ದೆ, ನಮ್ಮ ಮುಖ್ಯಸ್ಥರು ಸಹಿ ಹಾಕುತ್ತಿದ್ದರು. ಅದು ಮೊಬೈಲಿಗೆ ಹೋಗಲು ಶುರುವಾದ ಮೇಲೆ ಜನಕ್ಕೆ ನನ್ನ ನಂಬರೂ ಸಿಕ್ಕಿತು. ನನ್ನ ಹೆಸರು ಮಳೆ ಮೇಡಮ್ ಅಂತಾಯಿತು.

ಪಾವಗಡದಿಂದ ಒಬ್ಬ ಅಜ್ಜ ಪ್ರತಿ ವಾರ ಫೋನ್ ಮಾಡಿ, "ಏಮಮ್ಮಾ, ನಿನ್ನ ಕಾಗಿತ ನಂಗೆ ಅರ್ಥ ಆಗ್ಲಿಲ್ಲ. ವಾನ ಬರ್ತದಾ ಲೇದಾ, ಒಂದೇ ಮಾತು ಚೆಪ್ಪು" ಅನ್ನುತ್ತಿದ್ದ. ಮಳೆ ಬರುತ್ತದೋ ಇಲ್ಲವೋ ಅಂತ ಅವನು ತೆಲುಗು ಬೆರೆಸಿ ಕೇಳುತ್ತಿದ್ದದ್ದು ನ್ಯಾಯವಾಗಿಯೇ ಇತ್ತು. ನಮ್ಮ ವರದಿಯ ಕನ್ನಡ ಹಾಗಿತ್ತು: 'ಕೆಲವೆಡೆ ಹಗುರದಿಂದ ಕೂಡಿದ ಸಾಧಾರಣ ಮಳೆಯಾಗುವ ಸಂಭವವಿದೆ.' ಮಳೆ ಬಂದರೂ ಅದು ಸರಿ, ಬರದಿದ್ದರೂ ಸರಿ. ಅಂಥ ವಾಕ್ಯ ಬರೆಯುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಒಂದು ಮಾರ್ಚಿನಲ್ಲಿ ಮಾತ್ರ ನಾವು ಧೈರ್ಯ ಮಾಡಿ 'ಆಲಿಕಲ್ಲು ಮಳೆ' ಅಂತ ಬರೆದೆವು. ಶಿರಾದಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುವ ಬಷೀರ್ ಸಾಬರು ಅಂಗಳದಲ್ಲಿ ಒಣಹಾಕಿದ್ದ ರಾಶಿಯನ್ನೆಲ್ಲ ಮನೆಮಂದಿಯನ್ನು ಸೇರಿಸಿಕೊಂಡು ಒಳಗೆ ಸಾಗಿಸಿದರು. ಮೂರು ದಿನ ಒಂದು ಹನಿ ಬೀಳಲಿಲ್ಲ. ನಾಲ್ಕನೆಯ ದಿನ ಅವರು ಫೋನ್ ಮಾಡಿದರು. "ಮೇಡಮ್, ಗುಸ್ಸಾ ಏನಿಲ್ಲ. ನನ್ನ ಬೇಗಮ್ ಹೇಳ್ತಾಳೆ, ಆ ಮೇಡಮ್‌ಗೆ ಹೇಳು, ಹಣ್ಣು ವಾಪಸ್ ಹರವೋದಕ್ಕೆ ಅವರೇ ಬರ್ಲಿ ಅಂತ." ನಾನು ನಕ್ಕೆ. ನಮ್ಮ ಮುಖ್ಯಸ್ಥರು ಪ್ರಕಾಶ್ ಸರ್ ನಗಲಿಲ್ಲ. ಅವರಿಗೆ ಎಲ್ಲೆಲ್ಲಿಂದಲೋ ದೂರು ಬಂದಿತ್ತು. ಮೇಲಿನವರ ಎಚ್ಚರಿಕೆ ಇಲ್ಲದೆ ಆ ಪದವನ್ನು ಇನ್ನು ಮುಂದೆ ಬಳಸಬಾರದು ಅಂತ ಆದೇಶ ಮಾಡಿದರು. ಕೆಟ್ಟವರಲ್ಲ, ಒಮ್ಮೆ ಕೈ ಸುಟ್ಟುಕೊಂಡವರು.

ಅದರ ಮುಂದಿನ ವರ್ಷದ ಮಾರ್ಚಿನಲ್ಲಿ ಈರಮ್ಮ ಫೋನ್ ಮಾಡಿದಳು. ಐ.ಡಿ.ಹಳ್ಳಿ ಆಚೆಯ ಹಟ್ಟಿಯವಳು, ಕುರಿ ಸಾಕುವ ಮನೆ. ಗಂಡ ತೀರಿಕೊಂಡ ಮೇಲೆ ಹಿಂಡಿನ ಯಜಮಾನಿಕೆ ಅವಳದೇ. ನನ್ನ ವರದಿಯನ್ನು ಯಾರಿಂದಲಾದರೂ ಓದಿಸಿ ಕೇಳಿ, ಆಮೇಲೆ ಅದನ್ನೇ ನನ್ನ ಬಾಯಿಂದ ಇನ್ನೊಮ್ಮೆ ಕೇಳಿದರೇ ಅವಳಿಗೆ ಸಮಾಧಾನ. ಅವತ್ತು ಮಂಗಳವಾರ.

"ಮೇಡಮ್ಮಾ, ಶುಕ್ರವಾರ ಉಣ್ಣೆ ಕತ್ರುಸ್ಬೇಕು ಅಂತ ಮಾಡೀವಿ. ಕುರಿನೆಲ್ಲ ಗುರುವಾರ ಕಟ್ಟೇಲಿ ತೊಳುದ್ಬುಡ್ತೀವಿ. ಮಳೆಗಿಳೆ ಏನಾರ ಐತಾ?"

ಬೇಸಿಗೆಯಲ್ಲಿ ಉಣ್ಣೆ ತೆಗೆದ ಕುರಿ ಹಗುರಾಗಿ ಓಡಾಡಿಕೊಂಡಿರುತ್ತದೆ. ಆದರೆ ಕತ್ತರಿಸಿದ ಒಂದೆರಡು ದಿನ ಅದರ ಮೈ ಹಸಿಗೂಸಿನ ಮೈ. ತಣ್ಣನೆಯ ಮಳೆ ಬಡಿದರೆ ನಡುಗಿ ನಡುಗಿ ನಿಂತಲ್ಲೇ ಬೀಳುತ್ತದೆ. ಇದು ನನಗೆ ಗೊತ್ತಿತ್ತು. ನನ್ನ ಮುಂದೆ ಇದ್ದ ಕಾಗದದಲ್ಲಿ ಒಣಹವೆ, ಎಲ್ಲೋ ಒಂದೆರಡು ಕಡೆ ಹಗುರ ಮಳೆ ಅಂತಿತ್ತು. "ಏನೂ ಇಲ್ಲ ಈರಮ್ಮ, ಧೈರ್ಯವಾಗಿ ಕತ್ತರಿಸಿ" ಅಂದೆ. ಆ ಮಾತನ್ನು ಹೇಳುವಾಗ ಬೇರೇನೋ ಬರೆಯುತ್ತಿದ್ದೆ ಅನ್ನುವುದೂ ನೆನಪಿದೆ.

ಶುಕ್ರವಾರ ಬೆಳಗ್ಗೆ ಎಂಟೂವರೆಗೆ ಹೋದಾಗ ಹುಲ್ಲಿನ ಮೇಲೆ ಇಬ್ಬನಿ. ನಮ್ಮ ಕಡೆ ಆ ಕಾಲದಲ್ಲಿ ಹುಲ್ಲೇ ಸುಟ್ಟಿರುತ್ತದೆ, ಇಬ್ಬನಿ ಎಲ್ಲಿಂದ ಬಂತು? ಬಿಳಿಯ ಜಾಲರಿ ಪೆಟ್ಟಿಗೆಯ ಒಳಗೆ ಎರಡು ಉಷ್ಣಮಾಪಕ ಇರುತ್ತವೆ, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಒಣಗಾಳಿಯಲ್ಲಿ ಅವೆರಡರ ಅಂಕಿ ದೂರ ದೂರ, ಗಾಳಿಯಲ್ಲಿ ನೀರು ತುಂಬಿದ್ದರೆ ಹತ್ತಿರ ಹತ್ತಿರ. ಅವತ್ತು ಅವು ಅಕ್ಕತಂಗಿಯರ ಹಾಗೆ ಮೈಗೆ ಮೈ ತಾಗಿಸಿ ನಿಂತಿದ್ದವು. ಹತ್ತೂವರೆಗೆಲ್ಲ ಮಧುಗಿರಿ ಬೆಟ್ಟದ ಹಿಂದೆ ಮೋಡ ಏಳಲು ಶುರುವಾಯಿತು. ಅಂಚು ಹೂಕೋಸಿನಂತೆ ಗಟ್ಟಿಯಾಗಿತ್ತು. ಬೇಸಿಗೆ ಮೋಡ ಮಧ್ಯಾಹ್ನದ ಮೇಲೆ ಏಳಬೇಕು, ಬೆಳಗ್ಗೆಯೇ ಎದ್ದರೆ ಅದಕ್ಕೆ ಬೆಳೆಯಲು ಇಡೀ ದಿನ ಸಿಗುತ್ತದೆ.

ಶುಕ್ರವಾರದ ವರದಿಯ ಕಾಗದ ಹಿಡಿದು ಪ್ರಕಾಶ್ ಸರ್ ಹತ್ತಿರ ಹೋದೆ. "ಸರ್, ಆಲಿಕಲ್ಲು ಅಂತ ಸೇರಿಸಬೇಕು."

"ಮೇಲಿಂದ ಎಚ್ಚರಿಕೆ ಬಂದಿದೆಯಾ?"

"ಬಂದಿಲ್ಲ."

"ಕಂಪ್ಯೂಟರ್ ಏನನ್ನುತ್ತೆ?"

"ಹಗುರ ಮಳೆ ಅನ್ನುತ್ತೆ."

"ಮತ್ತೆ ನಿಮಗೆ ಹೆಂಗೆ ಗೊತ್ತು?"

ಇಬ್ಬನಿ ಅಂತ ಹೇಳಲೇ, ಮೋಡದ ಅಂಚು ಅಂತ ಹೇಳಲೇ? ಅವರು ಸಹಿ ಹಾಕಿ ಕಾಗದ ವಾಪಸು ಕೊಟ್ಟರು. ಹಗುರ ಮಳೆ ನಾಲ್ಕು ತಾಲ್ಲೂಕಿಗೂ ಹೋಯಿತು.

ಹನ್ನೆರಡರ ಹೊತ್ತಿಗೆ ಮೋಡ ತಲೆ ಎತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರಕ್ಕೆ ಬೆಳೆದಿತ್ತು. ಮೇಲೆ ಬಿಳಿ, ಹೊಟ್ಟೆಯಲ್ಲಿ ಹಸಿರು ಬೆರೆತ ಕಪ್ಪು. ಮೂವತ್ತು ವರ್ಷ ಮೋಡ ನೋಡಿದವಳು ನಾನು, ನನಗೇ ಹೆದರಿಕೆಯಾಯಿತು. ಹೊರಗೆ ಬೇವಿನ ಮರದ ಕೆಳಗೆ ನಿಂತು ನನ್ನ ಸ್ವಂತ ಫೋನಿನಿಂದ ಈರಮ್ಮನಿಗೆ ಮಾಡಿದೆ. ಅದು ಆದೇಶಕ್ಕೆ ವಿರುದ್ಧ. ಹಿಂದೆ ಗಂಡಸರ ಮಾತು, ಕುರಿಗಳ ಸದ್ದು, ಕತ್ತರಿಯ ಕಚಕಚ ಎಲ್ಲ ಕೇಳುತ್ತಿತ್ತು.

"ಈರಮ್ಮ, ಎಷ್ಟಾಗಿದೆ?"

"ಅರ್ಧ ಹಿಂಡು ಆಯ್ತು ಮೇಡಮ್ಮಾ. ಸಂಜೀಕೆ ಮುಗುದ್ಬುಡ್ತದೆ."

"ನಿಲ್ಲಿಸಿಬಿಡಿ. ಉಳಿದದ್ದನ್ನು ಕತ್ತರಿಸಬೇಡಿ."

"ಅಂಗೆಲ್ಲ ನಿಲ್ಸಾಂಗಿಲ್ಲ ಕಣಮ್ಮ. ಬೆಳಿಗ್ಗೆ ಕತ್ರಿ ಪೂಜೆ ಮಾಡೀವಿ. ಹಿಂಡು ಮುಗಿಯಾಗಂಟ ಕತ್ರಿ ನೆಲಕ್ಕೆ ಇಕ್ಕಾಂಗಿಲ್ಲ. ನಮ್ಮ ಮಾವನ ಕಾಲ್ದಿಂದ ಯಾರೂ ಇಕ್ಕಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಆ ಹಟ್ಟಿಯವರ ಕಟ್ಟುಪಾಡು ಅದು. ಅರ್ಧಕ್ಕೆ ಕತ್ತರಿ ಕೆಳಗಿಟ್ಟರೆ ಹಿಂಡಿಗೆ ಕೇಡು ಅಂತ ನಂಬಿಕೆ.

"ಕಲ್ಲಿನ ಮಳೆ ಬತ್ತದಾ? ಖಾತ್ರಿ ಐತಾ ಮೇಡಮ್ಮಾ?"

ಖಾತ್ರಿ ಅಂತ ಹೇಳಿದ್ದರೆ ಸುಲಭವಿತ್ತು. ಮಂಗಳವಾರ ಹಾಗೇ ಅಲ್ಲವೇ ಹೇಳಿದ್ದು? ಬಷೀರ್ ಸಾಬರ ಹುಣಸೆಹಣ್ಣು ನೆನಪಾಯಿತು. ಬರದೇ ಹೋದರೆ ಇವಳು ತಲೆಮಾರಿನ ಕಟ್ಟು ಮುರಿದವಳಾಗುತ್ತಾಳೆ, ಅದೂ ನನ್ನ ಮಾತು ಕೇಳಿ. ಬಾಯಿಗೆ ಬಂದದ್ದನ್ನು ಹೇಳಿದೆ. "ಇಲ್ಲ ಈರಮ್ಮ. ಖಾತ್ರಿ ಇಲ್ಲ. ವರದೀಲಿ ಹಗುರ ಮಳೆ ಅಂತಲೇ ಇದೆ. ಆದರೆ ನನಗೆ ಮೋಡ ನೋಡಿ ಹೆದರಿಕೆ ಆಗ್ತಿದೆ."

ಆ ಕಡೆ ಯಾರೋ ಗಂಡಸು "ಯಾರ್ದಮ್ಮಿ ಅದು ಫೋನು" ಅಂತ ಗದರಿದ್ದು ಕೇಳಿಸಿತು. ಲೈನು ಹೋಯಿತು. ಮತ್ತೆ ಮಾಡಿದರೆ ಸಿಗಲಿಲ್ಲ.

ಎರಡೂವರೆಯ ಅಂಕಿ ಬರೆಯಲು ಪೆಟ್ಟಿಗೆಯ ಹತ್ತಿರ ಹೋದೆ. ಗಾಳಿ ಸತ್ತುಹೋಗಿತ್ತು. ಒಂದು ಹಕ್ಕಿಯ ಸದ್ದಿಲ್ಲ. ಉತ್ತರದ ಕಡೆಯಿಂದ, ಐ.ಡಿ.ಹಳ್ಳಿಯ ದಿಕ್ಕಿನಿಂದ, ಒಂದು ಮೊರೆತ ಬರುತ್ತಿತ್ತು. ಗುಡುಗಿನಂತೆ ಬಿಟ್ಟು ಬಿಟ್ಟು ಅಲ್ಲ, ಬೀಸುವ ಕಲ್ಲನ್ನು ಯಾರೋ ಒಂದೇ ಸಮನೆ ತಿರುಗಿಸುತ್ತಿರುವ ಹಾಗೆ. ಮೋಡದ ಒಳಗೆ ಕಲ್ಲುಗಳು ಮೇಲೆ ಕೆಳಗೆ ಉರುಳಾಡುವ ಸದ್ದು ಅದು ಅಂತ ರಂಗಪ್ಪನವರು ಹೇಳುತ್ತಿದ್ದರು. ನಾನು ಅಷ್ಟು ವರ್ಷ ನಂಬಿರಲಿಲ್ಲ.

ಮೊದಲು ಹನಿ. ದಪ್ಪ ದಪ್ಪ, ಬೆಚ್ಚನೆಯ ಹನಿ. ಐದೇ ನಿಮಿಷ. ಆಮೇಲೆ ತಣ್ಣನೆಯ ಗಾಳಿ ಬೆನ್ನಿಗೆ ಹೊಡೆದಂತೆ ಬಂತು, ಹನಿಯ ಸದ್ದು ಬದಲಾಯಿತು, ತಗಡಿನ ಮೇಲೆ ಯಾರೋ ಮೂಟೆ ಮೂಟೆ ಕಡಲೆಕಾಯಿ ಸುರಿದ ಹಾಗೆ. ಓಡಿಹೋಗಿ ವರಾಂಡದಲ್ಲಿ ನಿಂತೆ. ಪ್ರಕಾಶ್ ಸರ್ ಹೊರಗೆ ಬಂದು ಪಕ್ಕದಲ್ಲಿ ನಿಂತರು. ಯಾರ ಮಾತೂ ಕೇಳಿಸುವಂತಿರಲಿಲ್ಲ. ಕೆಂಪು ನೆಲ ಮೊದಲು ಚುಕ್ಕಿ ಚುಕ್ಕಿಯಾಯಿತು, ಆಮೇಲೆ ಬೂದಿ ಬಣ್ಣ, ಆಮೇಲೆ ಬಿಳಿ. ಜಾಲಿ ಮರದ ಬುಡ ಬಿಳಿ, ಬೇಲಿ ಬಿಳಿ, ನನ್ನ ಮಳೆ ಡಬ್ಬಿಯ ಸುತ್ತ ಕಟ್ಟಿದ್ದ ಕಟ್ಟೆ ಕಾಣಲೇ ಇಲ್ಲ.

ನಿಂತ ಮೇಲೆ ಇಳಿದು ಹೋದೆ. ಕಾಲಡಿಗೆ ಕರಕರ ಅನ್ನುತ್ತಿತ್ತು. ಪೆಟ್ಟಿಗೆ ತೆಗೆದು ಉಷ್ಣಮಾಪಕ ನೋಡಿದೆ, ಮೈ ಬೆವರಿಸುತ್ತಿದ್ದ ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಹೊದಿಕೆ ಬೇಡುವ ಸಂಜೆಯಾಗಿತ್ತು. ನೆಲದಿಂದ ಮಂಡಿಯೆತ್ತರಕ್ಕೆ ಆವಿ ಏಳುತ್ತಿತ್ತು. ದೂರದಲ್ಲಿ ಮಧುಗಿರಿ ಬೆಟ್ಟದ ಬಂಡೆಯ ಸೀಳುಗಳಲ್ಲೆಲ್ಲ ಬಿಳಿಯ ಗೆರೆಗಳು, ಅದರ ಮೇಲೆ ಬಿಸಿಲು. ಹಿಂದಿನ ಬೆಂಚಿನಲ್ಲಿ ಆಕಳಿಸುತ್ತ ಬರೆದುಕೊಂಡ ನಕ್ಷತ್ರ ನೆನಪಾಯಿತು. ಆ ಮೇಷ್ಟ್ರು ಹೇಳಿದ್ದು ಇಂಥದ್ದನ್ನೇ ಇರಬೇಕು. ನನ್ನ ನೆಲದಲ್ಲಿ ಇದು ಹಿಮವಲ್ಲ, ಆಲಿಕಲ್ಲು. ರಿಜಿಸ್ಟರಿನಲ್ಲಿ ತ್ರಿಕೋನವನ್ನೇ ಹಾಕಬೇಕು. ಆದರೆ ಇಷ್ಟು ಚೆಲುವಾದದ್ದನ್ನು ನಾನು ಆವರೆಗೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕೈಮುಗಿಯಬೇಕು ಅನ್ನಿಸಿತು. ಮುಗಿಯಲು ಕೈ ಬರಲಿಲ್ಲ. ಇದೇ ಚೆಲುವು ಅರ್ಧ ಹಿಂಡಿನ ಬರಿಮೈ ಮೇಲೂ ಬಿದ್ದಿರಬೇಕು, ಆ ಮೈ ಬರಿದಾಗಿದ್ದು ನನ್ನ ಮಾತಿನಿಂದ. ಕಚೇರಿಯ ಅಡುಗೆಮನೆಗೆ ಹೋಗಿ ನೀರು ಬಿಸಿಗಿಟ್ಟೆ. ಅಳೆದು ಸುರಿದೆ, ಕರಗಿಸಿದೆ, ಕಳೆದೆ, ಬರೆದೆ. ಒಂದು ಸಲ ಅಂಕಿ ತಪ್ಪಿತು, ಹೊಡೆದು ಹಾಕಿ ಮತ್ತೆ ಬರೆದೆ. ಆ ಪುಟ ಈಗಲೂ ಅಲ್ಲಿ ಹಾಗೇ ಇದೆ.

ಈರಮ್ಮನ ಫೋನು ಆಮೇಲೂ ಹತ್ತಲಿಲ್ಲ. ಮಾರನೆಯ ಬೆಳಗ್ಗೆ ಎಂಟೂವರೆಯ ಕೆಲಸ ಮುಗಿಸಿ ಬಸ್ಸಿಗೆ ಹೊರಟಾಗ ಪ್ರಕಾಶ್ ಸರ್ ಜೀಪು ನಿಲ್ಲಿಸಿದರು. ನಾನು ಫೋನ್ ಮಾಡಿದ್ದನ್ನು ಹೇಳಿದೆ. ಅವರು ನನ್ನನ್ನು ಹತ್ತಿಸಿಕೊಂಡು ಐ.ಡಿ.ಹಳ್ಳಿ ಕಡೆಗೆ ಜೀಪು ತಿರುಗಿಸಿದರು. ಆಮೇಲೆ ಅಂದರು, "ನಾನು ನಿನ್ನೆ ಮಾಡಿದ್ದು ನಿಯಮದ ಪ್ರಕಾರ ಸರಿ ಮೇಡಮ್. ಆದರೂ ನೀವು ಬಂದಾಗ ನಾನು ಕಿಟಕಿ ಹೊರಗೆ ಒಂದು ಸಲ ನೋಡಬಹುದಿತ್ತು. ನೋಡಲಿಲ್ಲ." ಮೇಲಧಿಕಾರಿಗಳಲ್ಲಿ ಅಂಥ ಮಾತು ಹೇಳಿದವರನ್ನು ನಾನು ಅವರೊಬ್ಬರನ್ನೇ ಕಂಡದ್ದು.

ದಾರಿಯ ಪಕ್ಕ ಹೊಂಗೆಯ ಚಿಗುರೆಲ್ಲ ನೆಲದ ಮೇಲಿತ್ತು. ಹಟ್ಟಿ ಹತ್ತಿರವಾದಂತೆ ನನಗೆ ಇಳಿಯಲು ಧೈರ್ಯ ಬರಲಿಲ್ಲ. ಮೊದಲು ಕಂಡದ್ದು ಬೇಲಿಯ ಹೊರಗೆ ಕಂಬಳಿ ಮುಚ್ಚಿ ಮಲಗಿಸಿದ್ದ ಎರಡು ಕುರಿ. ಆಮೇಲೆ ಕುರಿರೊಪ್ಪದ ಒಳಗೆ ಹಿಂಡು. ನಾನು ಅಂಥ ಹಿಂಡನ್ನು ನೋಡಿರಲಿಲ್ಲ. ಅರ್ಧ ಕಪ್ಪು ಉಣ್ಣೆಯವು, ಅರ್ಧ ಕತ್ತರಿಯ ಗೆರೆ ಮೂಡಿದ ಬೋಳು ಮೈಯವು, ಎಲ್ಲ ಒಂದರೊಳಗೊಂದು ತೂರಿಕೊಂಡು ಮೆಲುಕು ಹಾಕುತ್ತಿದ್ದವು.

ಈರಮ್ಮ ಒಳಗಿನಿಂದ ಬಂದಳು. ಹಣೆಯ ಮೇಲೆ ಕಲ್ಲು ಬಿದ್ದು ಊದಿತ್ತು.

"ನೀನು ಅಂಗಂದ ಮ್ಯಾಲೆ ನಾನು ಕತ್ರಿ ಹಾಕೋದು ಬ್ಯಾಡ ಅಂದೆ. ನಮ್ಮ ಭಾವ ನೆಲಕ್ಕೆ ಇಕ್ಕಾಕಿಲ್ಲ ಅಂತ ಹಟಕ್ಕೆ ಬಿದ್ದ. ಇಕ್ಬ್ಯಾಡ, ನನ್ನ ಮಡ್ಲಾಗೆ ಹಾಕು ಅಂತ ಸೆರಗು ಒಡ್ಡಿದೆ. ಐದು ಕತ್ರೀನೂ ಮಡ್ಲಾಗೆ ಕಟ್ಕಂಡೆ. ಬೋಳ್ನವೆಲ್ಲ ನಡುವೆ ನೂಕಿ ಉಣ್ಣೇವ್ನ ಸುತ್ತ ನಿಲ್ಸಿದ್ವಿ. ಅಷ್ಟೊತ್ಗೆ ಸುರ್ಕಂತು ನೋಡು. ಉಣ್ಣೇವು ಅಲ್ಲಾಡ್ಲಿಲ್ಲ ಕಣಮ್ಮ, ತಲೆ ತಗ್ಸಿ ನಿಂತ್ಕಂಡ್ವು. ಟೀವಿನಾಗೆ ಕಾಸ್ಮೀರ ತೋರುಸ್ತಾರಲ್ಲ, ಅಂಗಾಗಿತ್ತು ಅವುಗಳ ಬೆನ್ನು."

"ಹೊರಗಿರೋ ಎರಡು?"

"ಅವು ಬೆದ್ರಿ ನುಗ್ಗಿ ಓಡುದ್ವು. ಬೋಳ್ನವು, ಉಳೀಲಿಲ್ಲ."

ನಾನು ಆ ಕಂಬಳಿಗಳ ಹತ್ತಿರ ಹೋಗಿ ಕೂತೆ. ಅವುಗಳ ಉಣ್ಣೆ ತೆಗೆದದ್ದು ನನ್ನ ಮಂಗಳವಾರದ ಮಾತಿಗೆ. ಅದನ್ನೇ ಹೇಳಿದೆ. ನನ್ನ ಮಾತು ಕೇಳಿದ್ದಕ್ಕೆ ಹೀಗಾಯಿತು, ನಾನು ತಪ್ಪು ಹೇಳಿದ್ದೆ ಅಂದೆ. ಅಳು ಬಂತು.

ಈರಮ್ಮ ಪಕ್ಕದಲ್ಲಿ ಕೂತಳು. ಮಡಿಲಲ್ಲಿ ಕತ್ತರಿಗಳು ಇನ್ನೂ ಇದ್ದವು, ಕೂತಾಗ ಸದ್ದಾಯಿತು. "ಮಂಗ್ಳಾರ ನೀನು ಹೇಳಿದ್ದು ಎಲ್ರೂ ಹೇಳಾದೇ. ಏನೂ ಇಲ್ಲ, ಏನೂ ಇಲ್ಲ. ನಿನ್ನೆನೂ ಖಾತ್ರಿ ಐತೆ ಅಂದಿದ್ರೆ ನಾನು ಕತ್ರಿ ನಿಲ್ಲುಸ್ತಿರ್ಲಿಲ್ಲ. ಕಲ್ಲಿನ ಮಳೆ ಖಾತ್ರಿ ಅಂತ ಓದ್ವರ್ಸನೂ ನಿನ್ ಕಾಗಿತ ಹೇಳಿತ್ತು, ಬರ್ಲಿಲ್ಲ. ಹೆದ್ರಿಕೆ ಆಗ್ತೈತೆ ಅಂತ ಯಾರು ಹೇಳ್ತಾರೆ, ನಿಜ ಆಗ್ದಿದ್ರೆ?"

ಆಮೇಲೆ ನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ನನ್ನ ಡಬ್ಬಿಯ ಪಕ್ಕದಲ್ಲೇ ಈಗ ತಾನಾಗಿ ಅಳೆದು ತಾನಾಗಿ ಕಳಿಸುವ ಯಂತ್ರ ನಿಂತಿದೆ. ಒಳ್ಳೆಯ ಯಂತ್ರ, ಎಂಟೂವರೆಗೆ ಒಂದು ನಿಮಿಷವೂ ತಡ ಮಾಡುವುದಿಲ್ಲ. ಅದರ ಅಂಕಿಯನ್ನು ನಂಬಿ. ಆದರೆ ಹೊರಗೆ ಬಂದು ಕತ್ತು ನೋಯುವಷ್ಟು ಮೇಲಕ್ಕೆ ನೋಡುವುದನ್ನೂ, ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನುವುದನ್ನೂ ಅದು ನಿಮಗೆ ಕಲಿಸುವುದಿಲ್ಲ. ಆ ವಸಂತದ ಮೇಲೆ ನನ್ನ ಕೊನೆಯ ವರದಿಯವರೆಗೂ ನಾನು ತಿಳಿಯದ ಕಡೆ 'ಖಚಿತವಿಲ್ಲ' ಅಂತಲೇ ಬರೆದೆ. ಪ್ರಕಾಶ್ ಸರ್ ಅದಕ್ಕೂ ಸಹಿ ಹಾಕಿದರು.

ಈ ಸಲ ಮಾರ್ಚಿನಲ್ಲಿ ಆ ಕಡೆ ಹೋಗಿದ್ದೆ. ಉಣ್ಣೆ ಕತ್ತರಿಸುವ ದಿನ. ಅರ್ಧ ಹಿಂಡು ಮುಗಿಯಿತು, ಈರಮ್ಮ ಸೆರಗು ಒಡ್ಡಿದಳು, ಗಂಡಸರು ಒಬ್ಬೊಬ್ಬರಾಗಿ ಬಂದು ಕತ್ತರಿಯನ್ನು ಅವಳ ಮಡಿಲಿಗೆ ಹಾಕಿ ಎದ್ದು ಹೋದರು. ಉಳಿದರ್ಧ ಎರಡು ದಿನ ಬಿಟ್ಟು. ಈಗ ಆ ಹಟ್ಟಿಯಲ್ಲಿ ಹಾಗೇ. ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಆಕಾಶ ಇಷ್ಟು ನಿರ್ಮಲವಾಗಿರುವಾಗ ಯಾಕತ್ತೆ ನಿಲ್ಲಿಸೋದು ಅಂತ ಕೇಳಿದಳು. ನಾನು ಅಲ್ಲೇ ಕೂತಿರುವುದನ್ನು ಈರಮ್ಮ ಲೆಕ್ಕಕ್ಕೇ ಇಡಲಿಲ್ಲ.

"ಇಂಗೇ ಮಾಡೋದು ಕಣಮ್ಮ," ಅಂದಳು. "ಒಂದ್ಸಲ ಮಳೆ ಮೇಡಮ್ಮ ಹೆದ್ರುಕಂಡಿದ್ಲು."